ದುಡ್ಡಿಲ್ಲವಂತೆ, ಅದಕ್ಕೇ ಸೋಲುತ್ತಾರಂತೆ, ಹೌದೇ?

ಪೆನ್ ಹಿಲ್ಸ್ ಗುಡ್ಡದ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನಿನಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ಕುಳಿತರೆ ಸಾಕು, ನನ್ನ ಕಪ್ಪು ಟೋಪಿಯ ಮೇಲಿನ ಹಳದಿ 'ಪಿ' ಅಕ್ಷರ ನೋಡಿ ಯಾರಾದರೊಬ್ಬರು ಕುರ್ಚಿ ಎಳೆದುಕೊಂಡು ಬರುತ್ತಾರೆ. "ನಿಮ್ಮ ಪೈರೇಟ್ಸ್ ಹತ್ತಿರ ದುಡ್ಡಿಲ್ಲವಂತೆ. ಅದಕ್ಕೇ ಸೋಲುತ್ತಾರಂತೆ. ಹೌದೇ?"

ಪೈರೇಟ್ಸ್ ಎಂದರೆ ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಬೇಸ್‌ಬಾಲ್ ತಂಡ. ನಾನು ಈ ಊರಿಗೆ ಬಂದು ಹದಿಮೂರು ವರ್ಷವಾಯಿತು. ಈ ಪ್ರಶ್ನೆಗೆ ಉತ್ತರ ಹೇಳುತ್ತಾ ಎಷ್ಟು ತಟ್ಟೆ ಪುಳಿಯೋಗರೆ ಆರಿ ಹೋಗಿದೆಯೋ ಲೆಕ್ಕವಿಲ್ಲ. ಇನ್ನು ಮೇಲೆ ಕೇಳಿದವರಿಗೆ ಇದನ್ನು ಕಳಿಸಿ ನಾನು ನನ್ನ ಊಟ ಮಾಡುತ್ತೇನೆ.

ಮೊದಲು ಆ ಎರಡು 'ಅಂತೆ'ಗಳ ವಿಚಾರ. ಕೇಳುವವರು ಒಂದೇ ಒಂದು ಆಟವನ್ನೂ ಪೂರ್ತಿ ನೋಡಿರುವುದಿಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನವನು ಗೊಣಗಿದ್ದನ್ನು ತಂದು ನನ್ನ ತಟ್ಟೆಯ ಪಕ್ಕ ಇಡುತ್ತಾರೆ. ಇನ್ನು ಕೆಲವರು ಟೋಪಿ ನನ್ನ ತಲೆಯ ಮೇಲಿದ್ದರೂ ಪ್ರಶ್ನೆಯನ್ನು ನನ್ನ ಗಂಡನಿಗೆ ಕೇಳುತ್ತಾರೆ. ಆ ಪುಣ್ಯಾತ್ಮನಿಗೆ ಬೇಸ್‌ಬಾಲ್ ಎಂದರೆ ನಾನು ಮನೆಯಲ್ಲಿಲ್ಲದ ಸಂಜೆ, ಅಷ್ಟೇ. "ಇವಳನ್ನೇ ಕೇಳಿ" ಎಂದು ಹೇಳಿ ಮೊಸರನ್ನ ತರಲು ಎದ್ದು ಹೋಗುತ್ತಾರೆ.

ಉತ್ತರ ಬೇಕೆ? ದುಡ್ಡಿದೆ, ಬಿಚ್ಚುವುದಿಲ್ಲ. ಆದರೆ ಸೋಲಿಗೆ ಅದೊಂದೇ ಕಾರಣವೂ ಅಲ್ಲ. ಅವಸರವಿದ್ದವರು ಇಲ್ಲಿಗೇ ಕೈ ತೊಳೆದುಕೊಳ್ಳಬಹುದು.

ಉಳಿದವರಿಗೆ ಹೇಳುತ್ತೇನೆ. ಈ ಊರಿನಲ್ಲಿ ಅಭಿಮಾನಿಗಳದ್ದು ಎರಡು ಬಣ. ಮೊದಲನೆಯದು ಮಾಲೀಕನ ಮೇಲೆ ಹಲ್ಲು ಮಸೆಯುವ ಬಣ. ಬಾಬ್ ನಟ್ಟಿಂಗ್ 2007ರಿಂದ ತಂಡದ ಮುಖ್ಯ ಮಾಲೀಕರು, ಪತ್ರಿಕೆಗಳನ್ನು ನಡೆಸುವ ಮನೆತನದವರು. ಈ ತಂಡ ಒಬ್ಬ ಆಟಗಾರನಿಗೆ ಹತ್ತು ಕೋಟಿ ಡಾಲರ್ ದಾಟಿಸಿ ಕೊಟ್ಟದ್ದು 2023ರಲ್ಲಿ ಬ್ರಯಾನ್ ರೆನಾಲ್ಡ್ಸ್‌ಗೆ, ಅದೇ ಮೊದಲ ಸಲ. ಎಂಟು ವರ್ಷಕ್ಕೆ 10.675 ಕೋಟಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಶೋಹೈ ಓಟಾನಿಗೆ ಹತ್ತು ವರ್ಷಕ್ಕೆ 70 ಕೋಟಿ ಬರೆದುಕೊಟ್ಟಿತು. ಎರಡನೆಯದು ಕಚೇರಿಯನ್ನು ಬೈಯುವ ಬಣ: ಆಟಗಾರರನ್ನು ಆರಿಸುವ, ತಿದ್ದುವ, ಮಾರುವ ಜನರಲ್ ಮ್ಯಾನೇಜರನಿಗೇ ಕಣ್ಣಿಲ್ಲ ಎನ್ನುವವರು. 2019ರ ನವೆಂಬರ್‌ನಲ್ಲಿ ಆ ಕುರ್ಚಿಗೆ ಬಂದ ಬೆನ್ ಚೆರಿಂಗ್ಟನ್ ಕೈಯಲ್ಲಿ 2025ರ ಹೊತ್ತಿಗೆ ಆಟದ ಆರು ಋತು, ಅಂದರೆ ಆರು ವರ್ಷ, ಕಳೆದಿದ್ದವು. ಒಂದರಲ್ಲೂ ಸೋಲಿಗಿಂತ ಗೆಲುವು ಹೆಚ್ಚಾಗಲಿಲ್ಲ. 2021ರಲ್ಲಿ 101 ಸೋಲು, ಮರುವರ್ಷ 100. ಅಭಿವೃದ್ಧಿ ಎಂದರೆ ಇದೇ ಎಂದು ನಾವು ಆಗ ತಮಾಷೆ ಮಾಡಿದ್ದೆವು.

ನಾನು ಎರಡನೇ ಬಣದವಳು. ಮೊದಲನೇ ಬಣದವರೊಡನೆ ಜಗಳವಿಲ್ಲ, ಆದರೆ ಅವರ ವಾದ ಕಚೇರಿಯವರಿಗೆ ಬಲು ಅನುಕೂಲ. ಮನೆಯಲ್ಲಿ ಅಡುಗೆ ಕೆಟ್ಟಾಗಲೆಲ್ಲ ಅಂಗಡಿಯವನು ಕೊಟ್ಟ ಬೇಳೆ ಸರಿಯಿಲ್ಲ ಎಂದಂತೆ.

ಈಗ "ಆರ್‌ಸಿಬಿ ಕೂಡ ಹೀಗೇ ಇತ್ತಲ್ಲ" ಎನ್ನುವವರ ಕಡೆಗೆ ಬರುತ್ತೇನೆ. 2025ರ ಜೂನ್‌ನಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದ ಮೇಲೆ ಇವರ ಕಾಟ ತಡೆಯಲಾಗುತ್ತಿಲ್ಲ. "ಇನ್ನು ನಿಮ್ಮದೊಂದೇ ಬಾಕಿ" ಎಂದು ಬೆನ್ನು ತಟ್ಟುತ್ತಾರೆ. ಸ್ವಾಮಿ, ಐಪಿಎಲ್‌ನಲ್ಲಿ ಹತ್ತೂ ತಂಡಗಳ ಚೀಲ ಒಂದೇ ಅಳತೆಯದು, 2025ರ ಹರಾಜಿಗೆ ತಲಾ 120 ಕೋಟಿ ರೂಪಾಯಿ. ಬೇಸ್‌ಬಾಲ್‌ನಲ್ಲಿ ಅಂಥ ಮಿತಿಯಿಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಆರ್‌ಸಿಬಿಗೆ ಸಿಗುವವನು ಬಹುಮಟ್ಟಿಗೆ ಬೆಳೆದು ನಿಂತ ಆಟಗಾರ. ಬೆಳೆಸಿದವರು ರಾಜ್ಯ ಕ್ರಿಕೆಟ್ ಸಂಸ್ಥೆಗಳು, ಕ್ಲಬ್ಬುಗಳು, ತಂದೆತಾಯಿ. ಇಲ್ಲಿ ಹದಿನೇಳು ಹದಿನೆಂಟರ ಹುಡುಗನನ್ನು ತಂದು ಕೆಳಗಿನ ತಂಡಗಳಲ್ಲಿ ವರ್ಷಗಟ್ಟಲೆ ಉಣ್ಣಿಸಿ, ತಿದ್ದಿ, ಕಾಯಬೇಕು. ಬಡ ತಂಡಕ್ಕೆ ಇರುವ ದಾರಿಯೇ ಅದು. ಮೇಲೆ ಬಂದ ಹುಡುಗ ಆರು ವರ್ಷ ನಿಮ್ಮವನು, ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳಕ್ಕೆ ಆಡುತ್ತಾನೆ. ನಮ್ಮ ಪಿಚರ್, ಅಂದರೆ ಚೆಂಡು ಎಸೆಯುವವನು, ಪಾಲ್ ಸ್ಕೀನ್ಸ್‌ನ 2025ರ ಸಂಬಳ 8,75,000 ಡಾಲರ್. ಆ ವರ್ಷ ಅವನು ಇಲ್ಲಿನ ಎರಡು ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಪಿಚರ್.

ಚೆನ್ನಾಗಿ ಸಾಕಿದರೆ ದುಡ್ಡಿನ ಕೊರತೆಯನ್ನು ಬಹಳ ದೂರದವರೆಗೆ ತುಂಬಬಹುದು ಎಂಬುದಕ್ಕೆ ಸಾಕ್ಷಿ ಬೇಕಾದರೆ ಹ್ಯೂಸ್ಟನ್ ತಂಡವನ್ನು ನೋಡಬೇಕಿಲ್ಲ, ಬಡ ಟ್ಯಾಂಪಾ ಬೇ ತಂಡವನ್ನು ನೋಡಿ. ಆದರೂ ಮೊದಲು ಹ್ಯೂಸ್ಟನ್ ಕಥೆಯನ್ನೇ ಹೇಳುತ್ತೇನೆ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಗೆರಿಟ್ ಕೋಲ್ ಎಂಬ ಪಿಚರ್‌ನನ್ನು ಪೈರೇಟ್ಸ್ 2011ರಲ್ಲಿ ಆ ವರ್ಷದ ಹೊಸ ಹುಡುಗರೆಲ್ಲರ ಪೈಕಿ ಮೊದಲನೆಯವನಾಗಿ ಆರಿಸಿತು. 2015ರಲ್ಲಿ 19 ಆಟ ಗೆದ್ದ. ಆಮೇಲೆ ಸೊರಗಿದ, 2017ರಲ್ಲಿ 31 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಗೋಡೆಯಾಚೆ ಹೋಗುವ ಹೊಡೆತ) ಹೊಡೆಸಿಕೊಂಡ. 2018ರ ಜನವರಿಯಲ್ಲಿ ಅವನನ್ನು ಹ್ಯೂಸ್ಟನ್‌ಗೆ ಕೊಟ್ಟು ನಾಲ್ವರನ್ನು ತಂದರು. ಆ ವರ್ಷವೇ ಅಲ್ಲಿ 276 ಸ್ಟ್ರೈಕ್‌ಔಟ್ (ಬರೀ ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವುದು), ಮರುವರ್ಷ 326. ಅದೇ ತೋಳು, ಅದೇ ವೇಗ. ಬದಲಾದದ್ದು ಏನು?

ಪಿಟ್ಸ್‌ಬರ್ಗ್‌ನಲ್ಲಿ ಕಲಿಸುತ್ತಿದ್ದ ಪಾಠ ಒಂದೇ: ಚೆಂಡು ಕೆಳಗೆ ಮುಳುಗಲಿ, ಬ್ಯಾಟರ್ ಅದನ್ನು ನೆಲಕ್ಕೆ ಹೊಡೆಯಲಿ, ನಮ್ಮ ಫೀಲ್ಡರ್ ಹಿಡಿಯಲಿ. ಸುಳ್ಳು ಹೇಳಬಾರದು, 2013ರಿಂದ 2015ರವರೆಗೆ ಮೂರು ವರ್ಷ ಅದೇ ಪಾಠ ನಮ್ಮನ್ನು ಪ್ಲೇಆಫ್‌ಗೆ ಮುಟ್ಟಿಸಿತು. ಅಷ್ಟರಲ್ಲಿ ಬ್ಯಾಟರ್‌ಗಳು ತಮ್ಮ ಬೀಸನ್ನು ಬದಲಿಸಿಕೊಂಡರು, ಬ್ಯಾಟನ್ನು ಕೆಳಗಿನಿಂದ ಮೇಲಕ್ಕೆ ಎತ್ತತೊಡಗಿದರು. ಕೆಳಗೆ ಬರುವ ಚೆಂಡು ಅವರಿಗೆ ಹಬ್ಬದೂಟವಾಯಿತು. ಹ್ಯೂಸ್ಟನ್‌ನವರು ಕೋಲ್‌ಗೆ ಹೇಳಿದ್ದು ತಿರುಗುಮುರುಗು. ಹಿಮ್ಮುಖವಾಗಿ ಸುತ್ತುವ ನೇರ ವೇಗದ ಎಸೆತವನ್ನು ಮೇಲೆ, ಎದೆಯ ಸನಿಹಕ್ಕೆ ಹಾಕು. ಹಾಗೆ ಸುತ್ತುವ ಚೆಂಡು ಕಣ್ಣಿನ ಅಂದಾಜಿಗಿಂತ ಕಡಿಮೆ ಇಳಿಯುತ್ತದೆ, ಮೇಲಕ್ಕೆ ಎತ್ತಿದ ಬ್ಯಾಟು ಅದರ ಕೆಳಗೆ ಹಾದುಹೋಗುತ್ತದೆ. ಇಷ್ಟೇ. ಈ ಮಾತು ಹೇಳಲು ಎಷ್ಟು ಕೋಟಿ ಬೇಕಿತ್ತು?

ಇನ್ನು ಟ್ಯಾಂಪಾ. ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ. 2018ರ ಜುಲೈ 31ರಂದು ನಮ್ಮವರು ಕ್ರಿಸ್ ಆರ್ಚರ್ ಎಂಬ ಪಿಚರ್‌ಗಾಗಿ ಟೈಲರ್ ಗ್ಲಾಸ್ನೋ, ಆಸ್ಟಿನ್ ಮೆಡೋಸ್ ಇಬ್ಬರನ್ನೂ ಕೊಟ್ಟರು. ಸಾಲದು ಎಂಬಂತೆ ಕೆಲವು ದಿನಗಳ ನಂತರ ಶೇನ್ ಬಾಜ್‌ನನ್ನೂ ಕೊಟ್ಟರು. ಸೀರೆ ಕೊಂಡವರಿಗೆ ರವಿಕೆ ಕಣ ಉಚಿತ. ನಮ್ಮಲ್ಲಿ ಮೂಲೆಗೆ ಬಿದ್ದಿದ್ದ ಗ್ಲಾಸ್ನೋನನ್ನು ಟ್ಯಾಂಪಾದವರು ಆಟದ ಮೊದಲ ಎಸೆತದಿಂದಲೇ ಆಡಿಸಿದರು, ಮೆಡೋಸ್ ಮರುವರ್ಷವೇ ಆಲ್‌ಸ್ಟಾರ್ ಆದ, ಅಂದರೆ ಆ ವರ್ಷದ ಆಯ್ದ ಆಟಗಾರರ ಸಾಲಿಗೆ ಸೇರಿದ. 2020ರಲ್ಲಿ ಅದೇ ಟ್ಯಾಂಪಾ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್, ಆಡಿತು. ಅವರ ಸಂಬಳದ ಪಟ್ಟಿಯೂ ನಮ್ಮದರಂತೆಯೇ ಬಡವರ ಸಾಲಿನದು. ದುಡ್ಡಿಲ್ಲವಂತೆ!

"ಹಾಗಾದರೆ ಬಿಟ್ಟುಬಿಡಬಹುದಲ್ಲ?" ಬಿಡಬಹುದಿತ್ತು. ಆದರೆ 2013ರ ಅಕ್ಟೋಬರ್ 1ರ ರಾತ್ರಿ, ಪ್ಲೇಆಫ್ ಆಟಕ್ಕೆ ನಾನು ಪಿಟ್ಸ್‌ಬರ್ಗ್‌ನ ಮೈದಾನದಲ್ಲಿದ್ದೆ. ಇಪ್ಪತ್ತು ವರ್ಷ ಸತತವಾಗಿ ಸೋತ ಊರು ಕಪ್ಪು ಬಟ್ಟೆ ತೊಟ್ಟು ಬಂದಿತ್ತು. ಎದುರಾಳಿ ಸಿನ್ಸಿನಾಟಿಯ ಪಿಚರ್ ಜಾನಿ ಕ್ವೇಟೋ. ಜನ ಅವನ ಹೆಸರನ್ನೇ ರಾಗವಾಗಿ ಎಳೆದರು, "ಕ್ವೇ... ಟೋ..." ಅವನ ಕೈಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಂಡು ಹಾಕಿದ ಮುಂದಿನ ಎಸೆತವನ್ನೇ ರಸಲ್ ಮಾರ್ಟಿನ್ ಗೋಡೆಯಾಚೆಗೆ ಹೊಡೆದ. ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿಯೊಬ್ಬರು ನನ್ನ ಎರಡೂ ಕೈ ಹಿಡಿದು ಅಳುತ್ತಿದ್ದರು. ಅದಾದ ಮೇಲೆ ಬಿಡುವುದು ಹೇಗೆ ಎಂದು ನೀವೇ ಹೇಳಿ.

ನಡುವೆ ಇನ್ನೊಂದು ಪ್ರಶ್ನೆಯನ್ನೂ ಮುಗಿಸಿಬಿಡುತ್ತೇನೆ. ಹೌದು, 2008ರಲ್ಲಿ ಭಾರತದಿಂದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರರನ್ನು ಸೇರಿಸಿಕೊಂಡದ್ದು ಇದೇ ತಂಡ. ಇಲ್ಲ, ಇಬ್ಬರೂ ಪಿಟ್ಸ್‌ಬರ್ಗ್ ಮುಟ್ಟಲಿಲ್ಲ. ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯದ ಹುಡುಗರು ಆಡುವ ವಯಸ್ಸಿನಲ್ಲೇ ಕೈಗೆತ್ತಿಕೊಳ್ಳುವ ಚೆಂಡನ್ನು ಇವರು ಮೊದಲು ಹಿಡಿದದ್ದೇ ಮೀಸೆ ಬಂದ ಮೇಲೆ.

ಈಗ ನನ್ನ ಸೋದರಮಾವನ ವಿಷಯ. 2025ರ ಬೇಸಿಗೆಯಲ್ಲಿ ಶಿಡ್ಲಘಟ್ಟದ ಕಡೆಯಿಂದ ಬಂದಿದ್ದರು. ಜೀವಮಾನವೆಲ್ಲ ರೇಷ್ಮೆ ಹುಳು ಸಾಕಿದವರು. ಅದರಲ್ಲೂ ಚಾಕಿ ಕಟ್ಟುವುದರಲ್ಲಿ ಕೈ ಪಳಗಿದವರು: ಮೊಟ್ಟೆಯೊಡೆದ ಮರಿಗಳಿಗೆ ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಬಿಸಿಯನ್ನೂ ತೇವವನ್ನೂ ಹದವಾಗಿ ಕಾಯ್ದು, ಎರಡನೇ ಜ್ವರ ಎದ್ದ ಮೇಲೆ ಸುತ್ತಲಿನ ರೈತರಿಗೆ ಕೊಡುವವರು. ಹುಳು ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಗೂಡು ಕಟ್ಟಲು ಸಿದ್ಧವಾದ ಹುಳು ಹಣ್ಣಾಯಿತು ಎನ್ನುತ್ತಾರೆ, ಆಗ ಅದನ್ನು ಹಾಕುವ ತಟ್ಟೆಯೇ ಚಂದ್ರಿಕೆ. ಮಾವನನ್ನು ಸ್ಕೀನ್ಸ್ ಎಸೆಯುವ ದಿನ ನೋಡಿ ಮೈದಾನಕ್ಕೆ ಕರೆದುಕೊಂಡು ಹೋದೆ. ಅವರು ಪಂಚೆಯಲ್ಲೇ ಬಂದರು. ಸೇತುವೆಗಳನ್ನೂ ನದಿಯನ್ನೂ ನೋಡಿ "ಜಾಗ ಚೆನ್ನಾಗಿದೆ" ಎಂದರು. ಬಂದವರೆಲ್ಲ ಹಾಗೇ ಹೇಳುತ್ತಾರೆ. ಮೈದಾನ ಹೊಗಳಿದರೆ ತಂಡದ ಬಗ್ಗೆ ಏನೂ ಹೇಳಬೇಕಾಗುವುದಿಲ್ಲ.

ಆರನೇ ಇನ್ನಿಂಗ್ಸ್‌ನ ಹೊತ್ತಿಗೆ ಹಿಂದಿನ ಸಾಲಿನಿಂದ "ಸೆಲ್ ದ ಟೀಮ್" ಎಂಬ ಕೂಗು ಎದ್ದಿತು. ಏನೆನ್ನುತ್ತಿದ್ದಾರೆ ಎಂದರು. ತಂಡ ಮಾರು ಎನ್ನುತ್ತಿದ್ದಾರೆ ಮಾವ, ಮಾಲೀಕರಿಗೆ ಎಂದೆ.

"ಮಾರಿದರೆ ಈ ಹುಡುಗ ಯಾರ ಪಾಲಿಗೆ?"

"ತಂಡದ ಜೊತೆಗೇ ಹೋಗುತ್ತಾನೆ."

ಮಾವ ಸ್ವಲ್ಪ ಹೊತ್ತು ಸ್ಕೀನ್ಸ್‌ನನ್ನೇ ನೋಡಿದರು. ಅವನು ಎಸೆಯುವ ಮುಂಚೆ ಒಂದು ಕ್ಷಣ ಅಲುಗಾಡದೆ ನಿಲ್ಲುತ್ತಾನಲ್ಲ, ಆಗ ಕೇಳಿದರು: "ಇವನನ್ನು ಎಷ್ಟನೇ ಜ್ವರದಲ್ಲಿ ತಂದರಮ್ಮಾ?"

ಹದಿಮೂರು ವರ್ಷ ನಾನು ಕಾಯುತ್ತಿದ್ದ ಪ್ರಶ್ನೆ. ಕೈಯಲ್ಲಿದ್ದ ಕಡಲೆಕಾಯಿ ಚೆಲ್ಲಿಹೋಯಿತು.

ಹೇಳಿದೆ. ಕೆಳಗಿನ ತಂಡಗಳು ಫ್ಲಾರಿಡಾದ ಬ್ರೇಡನ್ಟನ್, ಆಮೇಲೆ ಗ್ರೀನ್ಸ್‌ಬರೊ, ಆಲ್ಟೂನಾ, ಇಂಡಿಯಾನಾಪೊಲಿಸ್. ನಾಲ್ಕು ದಾಟಿದವನು ಐದನೆಯದಾಗಿ ಪಿಟ್ಸ್‌ಬರ್ಗ್‌ಗೆ ಬರುತ್ತಾನೆ. ಮಾವ ಬೆರಳು ಮಡಚಿದರು. ನಾಲ್ಕು ಜ್ವರ, ಐದು ಹಂತ. ಹುಳುವಿನ ಲೆಕ್ಕವೇ. ಆದರೆ ಸ್ಕೀನ್ಸ್‌ನ ಚಾಕಿ ಕಟ್ಟಿದವರು ನಾವಲ್ಲ. ಅವನು ಲೂಸಿಯಾನಾದ ವಿಶ್ವವಿದ್ಯಾಲಯದಲ್ಲಿ ಹದವಾಗಿ ಬೆಳೆದವನು. 2023ರ ಜುಲೈನಲ್ಲಿ ಮೊದಲನೆಯವನಾಗಿ ಆರಿಸಿದರು, 2024ರ ಮೇ 11ಕ್ಕೆ ಇಲ್ಲಿ ಎಸೆಯುತ್ತಿದ್ದ.

"ಅಂದರೆ ನಾಲ್ಕನೇ ಜ್ವರ ಎದ್ದ ಹುಳು ತಂದಿದ್ದಾರೆ. ಇದರಲ್ಲಿ ಇವರ ಹೆಚ್ಚುಗಾರಿಕೆ ಏನು?"

ನನಗೆ ಚುರುಕ್ಕೆಂದಿತು. ಬೈಯುವ ಹಕ್ಕು ನನ್ನದು, ಮೊದಲ ದಿನ ಬಂದವರದ್ದಲ್ಲ. ಜೇರೆಡ್ ಜೋನ್ಸ್‌ನ ಹೆಸರು ಹೇಳಿದೆ, ಬಬ್ಬಾ ಚಾಂಡ್ಲರ್‌ನ ಹೆಸರು ಹೇಳಿದೆ. ಇಬ್ಬರನ್ನೂ ಹೈಸ್ಕೂಲಿನಿಂದ ತಂದು ಇವರೇ ಸಾಕಿದ್ದು. ಚಾಂಡ್ಲರ್ ಆ ಆಗಸ್ಟ್‌ನಲ್ಲಿ ಮೇಲೆ ಬಂದ. ಪಿಚರ್‌ಗಳನ್ನು ಸಾಕುವುದು ಈ ಕಚೇರಿಗೆ ಬಂದಿದೆ, ಅದನ್ನು ನಾನು ಒಪ್ಪುತ್ತೇನೆ. ಬ್ಯಾಟರ್‌ಗಳದ್ದೇ ಗತಿಯಿಲ್ಲ. 2021ರಲ್ಲಿ ಮೊದಲನೆಯವನಾಗಿ ಆರಿಸಿದ ಹೆನ್ರಿ ಡೇವಿಸ್‌ನ ಬ್ಯಾಟು 2025ರಲ್ಲೂ ಕಣ್ಣು ಬಿಡಲಿಲ್ಲ. 2025ರಲ್ಲಿ ಇಡೀ ಲೀಗ್‌ನಲ್ಲಿ ಅತಿ ಕಡಿಮೆ ಹೋಮ್ ರನ್ ನಮ್ಮದು. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎರಡು ರನ್ ಕೂಡ ಬಿಟ್ಟುಕೊಡದ ಸ್ಕೀನ್ಸ್ ಆ ವರ್ಷ ಹತ್ತು ಗೆದ್ದು ಹತ್ತು ಸೋತ. ಇವನು ಎಸೆದು ಬಂದು ಕೂರುತ್ತಾನೆ, ನಮ್ಮವರು ಬ್ಯಾಟು ಬೀಸಿ ಬಂದು ಅವನ ಪಕ್ಕ ಕೂರುತ್ತಾರೆ.

ಮಾವ ಎದ್ದು ಪಂಚೆ ಸರಿಪಡಿಸಿಕೊಂಡರು. "ಐದನೇ ಹಂತದಲ್ಲೇ ಕಣಮ್ಮಾ ಹುಳು ಸೊಪ್ಪು ತಿನ್ನುವುದು. ಅಲ್ಲಿಯವರೆಗೆ ಬುಟ್ಟಿ ಲೆಕ್ಕ, ಆಮೇಲೆ ಗಾಡಿ ಲೆಕ್ಕ. ಆಗ ಕೈ ಬಿಗಿ ಮಾಡಿದರೆ ಗೂಡು ಜಳ್ಳು." ಮಾಲೀಕನ ಬಣವೂ ಕಚೇರಿಯ ಬಣವೂ ವರ್ಷಗಟ್ಟಲೆ ಕಿತ್ತಾಡಿದ್ದು ಅವರಿಗೆ ಎರಡು ಜಗಳದಂತೆ ಕಾಣಲೇ ಇಲ್ಲ. ಆಟ ಸೋತೆವು. ಅದನ್ನು ಬೇರೆ ಹೇಳಬೇಕೆ?

2025ರ ಋತು ಮುಗಿದ ಮೇಲೆ ಮಾವ ಫೋನ್ ಮಾಡಿದ್ದರು. ನಾನೇ ಹೇಳಿದ್ದ ಕೋನರ್ ಗ್ರಿಫಿನ್ ನೆನಪಿದ್ದ ಅವರಿಗೆ. 2024ರಲ್ಲಿ ಒಂಬತ್ತನೆಯವನಾಗಿ ಆರಿಸಿದ ಹೈಸ್ಕೂಲು ಹುಡುಗ, ಬ್ಯಾಟರ್, ಒಂದೇ ವರ್ಷದಲ್ಲಿ ಎರಡು ತಂಡ ದಾಟಿ ಮೂರನೆಯದಾದ ಆಲ್ಟೂನಾದಲ್ಲಿ ಋತು ಮುಗಿಸಿದವನು. ತಕ್ಷಣ ಮೇಲೆ ತನ್ನಿ ಎಂದು ಇಡೀ ಊರು ಆಗ ಒದರಾಡುತ್ತಿತ್ತು.

"ಆ ಹತ್ತೊಂಬತ್ತರ ಹುಡುಗ ಎಷ್ಟರಲ್ಲಿದ್ದಾನೆ?"

"ಮೂರನೇ ಜ್ವರ ಮಾವ."

"ಹಣ್ಣಾಗುವ ಮೊದಲು ಚಂದ್ರಿಕೆಗೆ ಹಾಕಬೇಡಿ ಎಂದು ಅವರಿಗೆ ಹೇಳು."

"ಯಾರಿಗೆ ಹೇಳಲಿ? ನನ್ನ ಮಾತು ಯಾರು ಕೇಳುತ್ತಾರೆ?"

"ಅಲ್ಲೇ ದೇವಸ್ಥಾನದಲ್ಲಿ ಎಲ್ಲರೂ ನಿನ್ನನ್ನೇ ಬಂದು ಕೇಳುತ್ತಾರೆ ಎಂದಿದ್ದೆಯಲ್ಲ," ಎಂದರು ಮಾವ, "ಅವರಿಗೇ ಹೇಳು."