ಜೀರಗಿ ನೀರು: ಕುದಿಸೋದು ಕಮ್ಮಿ ಇರ್ಲಿ

ಕಲಬುರಗಿ ಬಿಸಿಲು 40 ಡಿಗ್ರಿ ದಾಟ್ತಂದ್ರ ಸಾದಾ ನೀರು ಬಾಯಿಗೆ ಹತ್ತಂಗಿಲ್ಲ. ಆಗ ಜೀರಗಿ ನೀರು ಮಾಡ್ರಿ. ಲೀಟರ್ ನೀರಿಗೆ ಒಂದು ಚಹಾ ಚಮಚ ಸಾಕು. ನೀರು ಕುದಿ ಬಂದಮ್ಯಾಲೆ ಹಾಕಿ, ಸಣ್ಣ ಉರಿಯಾಗ ಮೂರ್ನಾಕು ನಿಮಿಷ ಇಟ್ಟು, ಒಲಿ ಆರಿಸಿ, ಹತ್ತು ನಿಮಿಷ ಮುಚ್ಚಿಟ್ಟು ಸೋಸ್ರಿ. ಭಾಳ ಮಂದಿ ಮುಚ್ಚಳಿಲ್ದೆ ಅರ್ಧಕ್ಕ ಇಳಿಯೋತನ ಕುದಿಸ್ತಾರ. ಜೀರಗಿ ಘಮ ಇರೋದು ಅದರ ಎಣ್ಣಿಯೊಳಗ, ಅದು ಹಬೆ ಜೋಡಿ ಹಾರಿಹೋಗ್ತದ. ಪಾತ್ರಿಯಾಗ ಉಳಿಯೋದು ಕಹಿ. ಮನಿ ತುಂಬಾ ಘಮಘಮ ಅಂತಂದ್ರ ಲೋಟಕ್ಕ ಅಷ್ಟು ಕಮ್ಮಿ ಅಂತ ತಿಳಕೋರಿ.

ಕೊತ್ತಂಬರಿ ಕಾಳು ಕುದಿಸೋದೇ ಬ್ಯಾಡ. ಎರಡು ಚಮಚ ಕಾಳು ಒಡಕಾಗೋವಷ್ಟು ಕುಟ್ಟಿ, ಕಾಸಿ ಆರಿಸಿದ ಒಂದು ಲೀಟರ್ ನೀರಾಗ ರಾತ್ರಿ ನೆನೆ ಇಡ್ರಿ. ಇಡೀ ಕಾಳು ಹಾಕಿದ್ರ ಸಿಪ್ಪಿ ದಾಟಿ ರುಚಿ ಬರಂಗಿಲ್ಲ, ಪುಡಿ ಹಾಕಿದ್ರ ತಳದಾಗ ಬರೇ ರಾಡಿ. ಅಜವಾನ ಕಾಲು ಚಮಚ ದಾಟಬಾರದು, ಗಂಟಲ ಉರೀತದ.

ಬೋರಿನ ನೀರು ಕಾಸಿದಾಗ ಮ್ಯಾಲೆ ಬಿಳಿ ಪದರು ಕಟ್ಟಿದ್ರ ಅದು ಜೀರಗಿ ತಪ್ಪಲ್ಲ, ಗಡಸು ನೀರಿನ ಸುಣ್ಣ. ಮೊದಲೇ ಕಾಸಿ, ತಳ ಕುಂತಮ್ಯಾಲೆ ಮ್ಯಾಲಿನ ತಿಳಿ ತಗೋರಿ. ನಿಂಬಿ ಹಿಂಡೋದಿದ್ರ ತಾಮ್ರದ ತಂಬಿಗಿ ಬ್ಯಾಡ, ಹುಳಿಗೆ ತಾಮ್ರ ಬಿಡ್ತದ.

ಇದರಿಂದ ಕೊಬ್ಬು ಕರಗ್ತದ ಅನ್ನೋದನ್ನ ನಾ ಅಂತೂ ನಂಬಂಗಿಲ್ಲ. ನೀರು ನಾಕು ಲೋಟ ಹೆಚ್ಚಿಗಿ ಒಳಗ ಹೋಗ್ತದಲ್ಲ, ಅದೇನು ಸಣ್ಣ ಲಾಭನಾ? ಬಿಸಿಲು ಬಡಿದವರಿಗೆ ಮಾತ್ರ ಇದು ಓಆರ್‌ಎಸ್ ಬದಲಿ ಅಲ್ರಿ. ಸೋಸಿದ್ದು ಹೊರಗ ಇಟ್ರ ಸಂಜಿ ಒಳಗ ಮುಗಿಸ್ರಿ, ಬ್ಯಾಸಗ್ಯಾಗ ಮರುದಿನಕ್ಕ ಹಳಸ್ತದ.