ಹೋಟೆಲ್ ಆಟ: ಮೂರು ಶನಿವಾರಗಳ ದಾಖಲೆ

ಮೊದಲ ಶನಿವಾರ

ಎಂಟು ವರ್ಷದ ಮಗಳು ಮತ್ತು ಐದು ವರ್ಷದ ಮಗನೊಂದಿಗೆ ಒಂದು ಸಂಜೆಯ ಮಟ್ಟಿಗೆ ಮನೆಯಲ್ಲಿಯೇ ಹೋಟೆಲ್ ನಡೆಸಬೇಕೆಂದು ಹೊರಟಾಗ, ನನ್ನ ಗಮನವೆಲ್ಲ ಅಲಂಕಾರದ ಮೇಲೆಯೇ ಇತ್ತು. ಬಣ್ಣದ ಕಾಗದದ ತೋರಣ, ಮೇಜಿಗೆ ಬಿಳಿ ಬಟ್ಟೆ, ಹೂವಿನಂತೆ ಮಡಿಸಿದ ಕರವಸ್ತ್ರ, ಬಾಗಿಲಿಗೊಂದು ಫಲಕ ಎಂದು ಎರಡು ಗಂಟೆ ಕಳೆದವು. ಮಕ್ಕಳನ್ನು ಗಿರಾಕಿಗಳಾಗಿ ಕೂರಿಸಿ ನಾನೂ ನನ್ನ ಪತಿಯೂ ಬಡಿಸಿದೆವು. ಹತ್ತು ನಿಮಿಷದೊಳಗೆ ಮಗ ಮೇಜಿನ ಕೆಳಗೆ ಸೇರಿದ್ದ. ಮಗಳು ಊಟ ಮುಗಿಸಿ, "ಆಟ ಯಾವಾಗ ಶುರುವಾಗುತ್ತದಮ್ಮಾ?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದೇ. ದೊಡ್ಡವರು ಬಡಿಸುವುದು, ಮಕ್ಕಳು ಉಣ್ಣುವುದು ದಿನವೂ ನಡೆಯುವ ಸಂಗತಿ. ಅದರ ಮೇಲೆ ತೋರಣ ಕಟ್ಟಿದ್ದಷ್ಟೇ ನಾವು ಮಾಡಿದ ಕೆಲಸ.

ವಾರದ ನಡುವೆ

ಹೋಟೆಲನ್ನು ಹೋಟೆಲನ್ನಾಗಿಸುವುದು ಆರ್ಡರ್ ಚೀಟಿ ಎಂಬ ತೀರ್ಮಾನಕ್ಕೆ ಬಂದೆ. ಗಿರಾಕಿ ಬಾಯಿಬಿಟ್ಟು ಕೇಳಿದ್ದು ಕಾಗದಕ್ಕೆ ಇಳಿದು, ಅಡುಗೆಮನೆಗೆ ಹೋಗಿ, ತಟ್ಟೆಯಾಗಿ ಹಿಂದಿರುಗಿ, ಕೊನೆಗೆ ಗಲ್ಲಾದಲ್ಲಿ ಬಿಲ್ಲಾಗುವವರೆಗೆ ಎಲ್ಲರನ್ನೂ ಓಡಾಡಿಸುವುದು ಆ ತುಂಡು ಕಾಗದವೇ. ಹೋಟೆಲ್ ಅಡುಗೆಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿಭಾಗವನ್ನು ವಹಿಸುವ ಪದ್ಧತಿಯನ್ನು ವ್ಯವಸ್ಥಿತಗೊಳಿಸಿದ ಫ್ರೆಂಚ್ ಬಾಣಸಿಗ ಆಗಸ್ಟ್ ಎಸ್ಕಾಫಿಯೆ (1846–1935) ಮಾದರಿಯ ಅಡುಗೆಮನೆಗಳಲ್ಲಿ, ಬಂದ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವುದಕ್ಕೆಂದೇ ಒಬ್ಬನಿರುತ್ತಾನೆ. ಆ ಹುದ್ದೆಯನ್ನು ಮಗಳಿಗೆ ಕೊಟ್ಟೆ. ಮಗ ಸಪ್ಲೈಯರ್, ಅವರಪ್ಪ ಅಡುಗೆಯವರು, ನಾನೂ ಮಕ್ಕಳ ಅಜ್ಜಿಯೂ ಗಿರಾಕಿಗಳು.

ಮಕ್ಕಳಿಗೆ ಇಷ್ಟು ಕಟ್ಟುಪಾಡು ಬೇಡವೆಂದು ಪತಿ ಆಕ್ಷೇಪಿಸಿದರು. ನಟನೆಯ ಆಟದಲ್ಲಿ ನಿಯಮಗಳು ಅಡಗಿಯೇ ಇರುತ್ತವೆ, ಮಗು ತಾನು ವಹಿಸಿದ ಪಾತ್ರದ ನಿಯಮಕ್ಕೆ ತಾನಾಗಿಯೇ ಒಳಪಡುತ್ತದೆ ಎಂದು ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ವಾದಿಸಿದ್ದನ್ನು ಅವರಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಏಪ್ರನ್ ಕಟ್ಟಿಕೊಂಡರು.

ಎರಡನೇ ಶನಿವಾರ

ಎ4 ಹಾಳೆಯೊಂದನ್ನು ಮೂರು ಸಲ ಮಡಿಸಿ ಕತ್ತರಿಸಿದರೆ 74 ಮಿ.ಮೀ. ಅಗಲ, 105 ಮಿ.ಮೀ. ಉದ್ದದ ಎಂಟು ಚೀಟಿಗಳಾಗುತ್ತವೆ. ಐದು ವರ್ಷದವನ ಅಂಗೈಗೆ ಅದು ಹೇಳಿ ಮಾಡಿಸಿದ ಅಳತೆ. ಅವನಿಗೆ ಇನ್ನೂ ಸರಾಗವಾಗಿ ಬರೆಯಲು ಬಾರದ ಕಾರಣ, ಪ್ರತಿ ಚೀಟಿಯಲ್ಲಿ ಸೂಪು, ಬ್ರೆಡ್ಡು, ಹಣ್ಣಿನ ಬಟ್ಟಲು ಇವುಗಳ ಚಿತ್ರಗಳನ್ನು ಮಗಳು ಮೊದಲೇ ಬಿಡಿಸಿಟ್ಟಳು. ಕೇಳಿದ್ದರ ಎದುರು ಗೆರೆ ಎಳೆಯುವುದಷ್ಟೇ ಅವನ ಕೆಲಸ. ಮೆನುವಿನಲ್ಲಿ ಮೂರಕ್ಕಿಂತ ಹೆಚ್ಚು ಪದಾರ್ಥ ಬೇಡವೆಂಬುದು ಅಡುಗೆಯವರ ಷರತ್ತಾಗಿತ್ತು.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಆಟಕ್ಕೆ ಬಗ್ಗಲಿಲ್ಲ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ತೀವ್ರವಾಗಿ ಸುಡಬಲ್ಲದಾದ್ದರಿಂದ, ಸೂಪು ಬೆರಳಿಟ್ಟರೆ ಹಿತವೆನಿಸುವಷ್ಟು ಆರಿದ ಮೇಲೆಯೇ ಟ್ರೇ ಏರಬೇಕು, ಅದೂ ಅರ್ಧ ಬಟ್ಟಲು ಮಾತ್ರ. ದ್ರಾಕ್ಷಿಯನ್ನು ಇಡಿಯಾಗಿ ಹಾಕದೆ ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಬೇಕು, ಏಕೆಂದರೆ ಚಿಕ್ಕ ಮಕ್ಕಳ ಗಂಟಲಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಟ್ರೇ ಹಿಡಿಯುವ ಅಭ್ಯಾಸವನ್ನು ಮಧ್ಯಾಹ್ನವೇ ನೀರಿನ ಲೋಟದೊಂದಿಗೆ ಮಾಡಿಸಿದೆವು. ಎರಡು ಸಲ ನೆಲ ಒರೆಸಿದ ಮೇಲೆ, ಭಾರವನ್ನು ನಡುವಿನಲ್ಲಿಟ್ಟು ಎರಡೂ ಕೈಗಳಿಂದ ಎದೆಗೆ ಹತ್ತಿರ ಹಿಡಿಯಬೇಕೆಂಬುದು ಅವನಿಗೇ ಹೊಳೆಯಿತು.

ಸಂಜೆ ಏಳಕ್ಕೆ ಹೋಟೆಲ್ ತೆರೆಯಿತು. ಮಗ ಅಜ್ಜಿಯ ಪಕ್ಕದಲ್ಲಿ ಪೆನ್ಸಿಲ್ ಹಿಡಿದು ನಿಂತು, "ತಮಗೆ ಏನು ಬೇಕು?" ಎಂದ. "ಇವತ್ತು ಏನು ಚೆನ್ನಾಗಿದೆಯಪ್ಪಾ?" ಎಂದರು ಅವರು. ಅವನು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಅಜ್ಜಿ, ಇನ್ನೂ ಯಾವುದೂ ಆಗಿಲ್ಲ" ಎಂದ. ಒಳಗಿನಿಂದ ಅಕ್ಕನ ಆಜ್ಞೆ ಬಂತು: "ಅಜ್ಜಿ ಅನ್ನಬೇಡ, ಎರಡನೇ ಟೇಬಲ್ ಅನ್ನು!"

ಮುಂದೆ ಗೊಂದಲವಾಯಿತು. ಮೂರು ಚೀಟಿಗಳು ಒಟ್ಟಿಗೆ ಒಳಗೆ ಹೋಗಿ, ಯಾವುದು ಯಾರದೆಂದು ತಿಳಿಯದೆ, ಹಣ್ಣು ಕೇಳಿದ ನನಗೆ ಎರಡು ಬಟ್ಟಲು ಸೂಪು ಬಂದವು. ಆದರೆ ಒಂದೂವರೆ ಗಂಟೆಯಾದರೂ ಮೇಜಿನ ಕೆಳಗೆ ಯಾರೂ ಹೋಗಲಿಲ್ಲ. ಆ ಸಂಜೆ ನಾನು ಎಣಿಸಿಟ್ಟುಕೊಂಡ ಲಾಭ ಅದೊಂದೇ.

ಮೂರನೇ ಶನಿವಾರ

ಅಡುಗೆಮನೆಯ ಕಿಟಕಿಗೆ ದಾರ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪುಗಳಿಂದ ಚೀಟಿಗಳನ್ನು ಎಡದಿಂದ ಬಲಕ್ಕೆ ಬಂದ ಕ್ರಮದಲ್ಲೇ ಸಿಕ್ಕಿಸುವ ಏರ್ಪಾಡು ಮಾಡಿದೆವು. ಟೇಬಲ್ ಸಂಖ್ಯೆಗೆ ಬದಲಾಗಿ ಒಂದು ಚುಕ್ಕೆ, ಎರಡು ಚುಕ್ಕೆ. ಅಷ್ಟರಿಂದಲೇ ತಪ್ಪುಗಳು ನಿಂತವು.

ಹೊಸದಾಗಿ ಸೇರಿದ್ದು ಬಿಲ್ಲು. ಹಳೆಯ ಗುಂಡಿಗಳೇ ಹಣ. ಪ್ರತಿ ಗಿರಾಕಿಗೆ ಹತ್ತು ಗುಂಡಿ. ಬೆಲೆ ನಿಗದಿ ಮಾಡಿದವಳು ಮಗಳು: ಸೂಪಿಗೆ ನಾಲ್ಕು, ಬ್ರೆಡ್ಡಿಗೆ ಮೂರು, ಹಣ್ಣಿಗೆ ಎರಡು. ಸೂಪಿಗೇಕೆ ಹೆಚ್ಚೆಂದು ಕೇಳಿದ್ದಕ್ಕೆ, "ಅಪ್ಪ ಅದಕ್ಕೆ ಜಾಸ್ತಿ ಹೊತ್ತು ನಿಲ್ಲುತ್ತಾರೆ" ಎಂದಳು. ಹಣ್ಣು ಎಂಟು ಗಂಟೆಗೇ ತೀರಿದಾಗ ಯಾರೂ ಹೇಳಿಕೊಡದೆ ಮೆನುವಿನಲ್ಲಿ ಅದರ ಮೇಲೆ ಅಡ್ಡಗೆರೆ ಎಳೆದು 'ಮುಗಿದಿದೆ' ಎಂದು ಬರೆದಳು.

ಮಗನಿಗೆ ಟ್ರೇ ಇನ್ನೂ ಭಾರವೇ. ಮುಂದಿನ ವಾರ ಬಿಸ್ಕತ್ತಿನ ಡಬ್ಬಿಯ ಚಪ್ಪಟೆ ಮುಚ್ಚಳವನ್ನು ಪ್ರಯತ್ನಿಸಬೇಕು. ಪಾರ್ಸೆಲ್ ವಿಭಾಗವನ್ನೂ ತೆರೆಯಬೇಕೆಂದು ಅವನ ಬೇಡಿಕೆಯಿದೆ. ಪಾರ್ಸೆಲ್ ಎಲ್ಲಿಗೆ ಹೋಗಬೇಕೆಂಬುದು ಇತ್ಯರ್ಥವಾಗಿಲ್ಲ.

ಅಜ್ಜಿ ಎರಡು ಸೂಪು, ಒಂದು ಬ್ರೆಡ್ಡು, ಒಂದು ಹಣ್ಣಿನ ಬಟ್ಟಲು ತರಿಸಿಕೊಂಡಿದ್ದರು. ಮಗಳು ಮೊದಲು ಹನ್ನೆರಡೆಂದು ಕೂಡಿ, ಗುಂಡಿಗಳನ್ನು ಸಾಲಾಗಿಟ್ಟು ಎಣಿಸಿ ಹದಿಮೂರೆಂದು ತಿದ್ದಿದಳು. ಅವರ ಬಳಿ ಇದ್ದದ್ದು ಹತ್ತು. ಪಾತ್ರೆ ತೊಳೆದು ಹೋಟೆಲ್ ಮುಚ್ಚಿ ನಾಲ್ಕು ದಿನಗಳಾದರೂ ಎರಡು ಚುಕ್ಕೆಯ ಆ ಚೀಟಿ ಇನ್ನೂ ದಾರದಲ್ಲಿಯೇ ಇದೆ. ಅದರ ಮೇಲೆ ಕೆಂಪು ಬಣ್ಣದಲ್ಲಿ 'ಬಾಕಿ 3' ಎಂದಿದೆ.