ಜನಕನ ಪಾಠ
ಒಂಬತ್ತನೇ ಕ್ಲಾಸಿನ ಬೋರ್ಡ್ ಮೇಲೆ ಇವತ್ತು ಬರೀ ‘ಜನಕ’ ಅಂತ ಬರೆದೆ.
“ಸೀತೆಯ ಅಪ್ಪ!” ಹಿಂದಿನ ಬೆಂಚು.
ಸರಿ, ಹುಟ್ಟಿಸಿದವನು ಅಂತಿಟ್ಟುಕೊಳ್ಳೋಣ. (ಆತ ಸಾಕಪ್ಪ ಅನ್ನೋದು ಬೇರೆ ಮಾತು.)

ಜಲಜನಕ ಉರಿದರೆ ನೀರು ಹುಟ್ಟುತ್ತದೆ. ಹೆಸರಿಗೆ ತಕ್ಕ ಕೆಲಸ.
ಆಮ್ಲಜನಕಕ್ಕೆ ಬಂದಾಗ ಒಬ್ಬಳು ಎದ್ದಳು. “ಮಿಸ್, ಹೈಡ್ರೋಕ್ಲೋರಿಕ್ ಆಮ್ಲ ಎಚ್‌ಸಿಎಲ್ ಅಲ್ವಾ? ಅದರಲ್ಲಿ ಆಮ್ಲಜನಕ ಎಲ್ಲಿದೆ?”

ಇಲ್ಲವೇ ಇಲ್ಲ!
ಆಮ್ಲ ಅಂದರೆ ಅದರಲ್ಲಿ ಈ ಅನಿಲ ಇರಲೇಬೇಕು ಅಂದುಕೊಂಡು 1770ರ ದಶಕದಲ್ಲಿ ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೇ ‘ಆಮ್ಲ ಹುಟ್ಟಿಸುವುದು’ ಅನ್ನೋ ಅರ್ಥದಲ್ಲಿ ಗ್ರೀಕಿನಿಂದ ಕಟ್ಟಿದ ಹೆಸರು ಆಕ್ಸಿಜನ್. ಆ ಲೆಕ್ಕ ತಪ್ಪು ಅಂತ ಇಂಗ್ಲಿಷ್ ವಿಜ್ಞಾನಿ ಡೇವಿ 1810ರಲ್ಲೇ ತೋರಿಸಿದ. ಹೆಸರು ಮಾತ್ರ ಅಲುಗಲಿಲ್ಲ. ನಾವೂ ಆ ತಪ್ಪನ್ನೇ ನೀಟಾಗಿ ಕನ್ನಡಕ್ಕೆ ತಂದುಕೊಂಡೆವು.

ಅವಳೀಗ ಸಾರಜನಕದ ‘ಸಾರ’ ಯಾವುದು ಅಂತ ಹಿಡಿದುಕೊಂಡಿದ್ದಾಳೆ.